ಹೆಡ್‌ಸೆಟ್ ಮೈಕು: ಗಣಕದಲ್ಲಿ ಧ್ವನಿ ದಾಖಲಾಗದಿರುವಿಕೆಯೂ ಅದರ ಪರೀಕ್ಷಾಕ್ರಮವೂ

ಕಿವಿಗಳ ಮೇಲೆ ಕೂರುವ ಎರಡು ಪುಟ್ಟ ಸ್ಪೀಕರುಗಳನ್ನೂ, ಬಾಯಿಯ ಬಳಿಗೆ ಚಾಚಿಕೊಂಡಿರುವ ಇಲ್ಲವೆ ವೈರಿನ ನಡುವೆ ತೂಗಾಡುವ ಒಂದು ಮೈಕನ್ನೂ ಒಂದೇ ಉಪಕರಣವಾಗಿ ಜೋಡಿಸಿದ ಸಾಧನಕ್ಕೆ ಹೆಡ್‌ಸೆಟ್ ಎಂದು ಹೆಸರು. ಇದನ್ನು ಗಣಕಯಂತ್ರಕ್ಕೆ ಸೇರಿಸಿದಾಗ ಕೇಳುವ ಕೆಲಸ ಸುಗಮವಾಗಿ ನಡೆದು ಮಾತನಾಡುವ ಕೆಲಸ ಮಾತ್ರ ನಿಂತುಹೋಗುವುದು, ಎಂದರೆ ಎದುರಿನವರ ಮಾತು ನಮಗೆ ಸ್ಪಷ್ಟವಾಗಿ ಕೇಳಿಬರುತ್ತಿದ್ದರೂ ನಮ್ಮ ಮಾತು ಅವರಿಗೆ ತಲಪದಿರುವುದು, ಅಥವಾ ಮುದ್ರಿಸಿಕೊಂಡ ಕಡತವನ್ನು ತೆರೆದರೆ ಅದರಲ್ಲಿ ಬರಿಯ ನಿಶ್ಶಬ್ದವೇ ತುಂಬಿರುವುದು, ಈ ಉಪಕರಣದ ಬಳಕೆಯಲ್ಲಿ ಸರ್ವೇಸಾಮಾನ್ಯವಾದ ತೊಡಕು. 2020ರ ಮಾರ್ಚಿನಲ್ಲಿ ದೇಶವ್ಯಾಪಿ ಲಾಕ್‌ಡೌನು ಜಾರಿಗೆ ಬಂದು, ಶಾಲೆಯ ಪಾಠಗಳೂ ಕಛೇರಿಯ ಸಭೆಗಳೂ ಸಂಗೀತದ ಅಭ್ಯಾಸವೂ ಗಣಕದ ಪರದೆಗೆ ವರ್ಗವಾದ ಮೇಲಂತೂ "ನನ್ನ ಧ್ವನಿ ಕೇಳಿಸ್ತಾ ಇದೆಯಾ?" ಎಂಬ ಪ್ರಶ್ನೆಯಿಂದಲೇ ಎಷ್ಟೋ ಸಭೆಗಳು ಆರಂಭವಾಗತೊಡಗಿದವು.

ಈ ತೊಡಕಿನ ವೈಲಕ್ಷಣ್ಯವೆಂದರೆ, ಯಂತ್ರವು ತಾನು ಕಿವುಡಾಗಿರುವುದನ್ನು ತಾನಾಗಿ ಹೇಳಿಕೊಳ್ಳುವುದು ಅಪೂರ್ವ. ಕಾಗದ ಮುಗಿದರೆ ಪ್ರಿಂಟರು ದೂರುತ್ತದೆ, ಡಿಸ್ಕು ತುಂಬಿದರೆ ಎಚ್ಚರಿಕೆ ಬರುತ್ತದೆ. ಮೈಕಿನಿಂದ ಸಂಕೇತವೇ ಬಾರದಿದ್ದರೆ ಮಾತ್ರ ಗಣಕವು ಆ ಶೂನ್ಯವನ್ನೇ ಶ್ರದ್ಧೆಯಿಂದ ಸ್ವೀಕರಿಸಿ, ಗಡಿಯಾರವನ್ನು ಓಡಿಸುತ್ತ, ಕಡತವನ್ನು ಬೆಳೆಸುತ್ತ ಹೋಗುತ್ತದೆ. ಕೋಣೆಯಲ್ಲಿ ಯಾರೂ ಮಾತನಾಡುತ್ತಿಲ್ಲವೋ ಅಥವಾ ಆಡಿದ ಮಾತು ತನಗೆ ತಲಪುತ್ತಿಲ್ಲವೋ ಎಂಬ ಭೇದವನ್ನು ಅರಿಯುವುದು ಅದರ ಕೆಲಸವಲ್ಲ. ಆ ಹೊಣೆ ಬಳಕೆದಾರನದು. ಅವನಿಗೆ ದೊರೆಯುವ ಮೊದಲ ಸಾಕ್ಷ್ಯವೂ ಆ ನಿಶ್ಶಬ್ದವೇ ಆಗಿರುವುದರಿಂದ, ನಿಶ್ಶಬ್ದದಲ್ಲಿಯೂ ಬಗೆಗಳಿವೆಯೆಂಬುದನ್ನೂ ಒಂದೊಂದು ಬಗೆಯೂ ಒಂದೊಂದು ಕಾರಣದತ್ತ ಬೆರಳು ತೋರಿಸುವುದೆಂಬುದನ್ನೂ ತಿಳಿದವನು ಅರ್ಧ ಕೆಲಸವನ್ನು ಮುಗಿಸಿದಂತೆಯೇ ಸರಿ.

ಬಾಯಿಂದ ಹೊರಟ ಮಾತು ಕಡತವನ್ನು ಸೇರುವ ದಾರಿ ಉದ್ದವಾದದ್ದು. ಮೈಕಿನ ಪಟಲ, ವೈರು, ವೈರಿನಲ್ಲಿರುವ ಗುಂಡಿ, ಜಾಕು, ಸಂಕೇತವನ್ನು ಹಿಗ್ಗಿಸುವ ವರ್ಧಕ, ಅದನ್ನು ಅಂಕಿಗಳಾಗಿಸುವ ಪರಿವರ್ತಕ, ಡ್ರೈವರು, ಕಾರ್ಯವ್ಯವಸ್ಥೆಯ ಆಯ್ಕೆ, ಅನುಮತಿ, ಕಟ್ಟಕಡೆಗೆ ಮುದ್ರಣ ಮಾಡುವ ತಂತ್ರಾಂಶ, ಇವೆಲ್ಲವೂ ಒಂದರ ಮುಂದೊಂದು ನಿಂತಿರುವ ಮೆಟ್ಟಿಲುಗಳು. ಕಡೆಯ ಗದ್ದೆಗೆ ನೀರು ಬಾರದಿದ್ದಾಗ ಬಲ್ಲ ನೀರುಗಂಟಿಯು ಗದ್ದೆಯ ಬದುವಿನಲ್ಲಿ ನಿಂತು ಮಣ್ಣನ್ನು ಕೆದಕುವುದಿಲ್ಲ. ಕಾಲುವೆಯ ನಡುಭಾಗಕ್ಕೆ ಹೋಗಿ ಅಲ್ಲಿ ನೀರಿದೆಯೇ ಎಂದು ನೋಡಿ, ಇದ್ದರೆ ಕೆಳಗಡೆಗೂ ಇಲ್ಲದಿದ್ದರೆ ತೂಬಿನ ಕಡೆಗೂ ನಡೆಯುತ್ತಾನೆ. ಮೈಕಿನ ಪರೀಕ್ಷೆಯಲ್ಲಿ ಅನುಸರಿಸತಕ್ಕ ಕ್ರಮವೂ ಇದೇ. ಆದರೆ ಬಹುಮಂದಿ ಮಾಡುವುದು ಬೇರೆ: ಕಣ್ಣಿಗೆ ಬಿದ್ದ ಸೆಟ್ಟಿಂಗುಗಳನ್ನೆಲ್ಲ ಒಂದೇ ಸಲಕ್ಕೆ ಬದಲಾಯಿಸಿ, ಒಂದು ದೋಷವಿದ್ದಲ್ಲಿ ಮೂರನ್ನು ಮಾಡಿಕೊಂಡು, ಕೊನೆಗೆ ಹೊಸ ಹೆಡ್‌ಸೆಟ್ಟನ್ನು ಕೊಂಡು ತಂದು, ಅದೂ ಮಾತನಾಡದಿರುವುದನ್ನು ಕಂಡು ಬೆರಗಾಗುತ್ತಾರೆ.

ಮೈಕಿನ ಪೂರ್ವೇತಿಹಾಸವು ದೂರವಾಣಿಯ ಇತಿಹಾಸದೊಡನೆ ಹೆಣೆದುಕೊಂಡಿದೆ. 1870ರ ದಶಕದ ಕೊನೆಯಲ್ಲಿ ಎಮಿಲ್ ಬರ್ಲಿನರ್, ಥಾಮಸ್ ಎಡಿಸನ್, ಡೇವಿಡ್ ಎಡ್ವರ್ಡ್ ಹ್ಯೂಸ್ ಮೊದಲಾದವರು ಸಡಿಲವಾದ ಸಂಪರ್ಕದ ಮೂಲಕ, ಮುಖ್ಯವಾಗಿ ಇಂಗಾಲದ ಮೂಲಕ, ಧ್ವನಿಯನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವ ವಿಧಾನಗಳನ್ನು ರೂಪಿಸಿದರು. 1916ರಲ್ಲಿ ಅಮೆರಿಕದ ಇ. ಸಿ. ವೆಂಟೆಯು ರಚಿಸಿದ ಸಂಧಾರಕ ಮೈಕು ಧ್ವನಿಯ ಶುದ್ಧಿಯಲ್ಲಿ ಹಿಂದಿನವುಗಳನ್ನು ಮೀರಿಸಿತಾದರೂ, ಅದರ ಫಲಕಗಳ ನಡುವೆ ಹೊರಗಿನಿಂದ ಹೆಚ್ಚಿನ ವೋಲ್ಟೇಜನ್ನು ಸದಾ ಒದಗಿಸಬೇಕಾಗುತ್ತಿದ್ದುದರಿಂದ ಅದು ಸ್ಟುಡಿಯೋಗಳ ಸ್ವತ್ತಾಗಿಯೇ ಉಳಿಯಿತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ವಿಜ್ಞಾನಿಗಳು ವಿದ್ಯುದಾವೇಶವನ್ನು ತನ್ನೊಳಗೇ ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಹಾಳೆಯನ್ನು ಪಟಲವಾಗಿ ಬಳಸಿ ಎಲೆಕ್ಟ್ರೆಟ್ ಮೈಕನ್ನು ನಿರ್ಮಿಸಿದ ಮೇಲೆ ಈ ಅಡಚಣೆ ನೀಗಿತು. ಇಂದು ವೈರಿನ ಹೆಡ್‌ಸೆಟ್ಟುಗಳಲ್ಲಿರುವ, ಸುಮಾರು 4ರಿಂದ 10 ಮಿಲಿಮೀಟರು ವ್ಯಾಸದ ಲೋಹದ ಗುಳಿಗೆಯು ಬಹುಮಟ್ಟಿಗೆ ಈ ಜಾತಿಯದೇ.

ಆದರೆ ಎಲೆಕ್ಟ್ರೆಟ್ಟಿನ ಪಟಲಕ್ಕೆ ಹೊರಗಿನ ವಿದ್ಯುತ್ತು ಬೇಡವಾದರೂ, ಆ ಗುಳಿಗೆಯೊಳಗೆ ಅಡಗಿರುವ ಪುಟ್ಟ ಟ್ರಾನ್ಸಿಸ್ಟರಿಗೆ ಅದು ಬೇಕೇ ಬೇಕು. ಗಣಕವು ಮೈಕಿನ ತೂತಿನ ಮೂಲಕವೇ ಸುಮಾರು 2ರಿಂದ 5 ವೋಲ್ಟುಗಳಷ್ಟು ವಿದ್ಯುತ್ತನ್ನು ಮೈಕಿಗೆ ಕಳುಹಿಸಿ, ಅದೇ ತಂತಿಯ ಮೂಲಕ ಧ್ವನಿಸಂಕೇತವನ್ನು ಹಿಂದಕ್ಕೆ ಪಡೆಯುತ್ತದೆ. ಈ ಸಣ್ಣ ಸಂಗತಿ ಅನೇಕ ತೊಡಕುಗಳ ಮೂಲವಾಗಿದೆ. 'ಲೈನ್ ಇನ್' ಎಂಬ ತೂತು ನೋಡಲು ಮೈಕಿನ ತೂತಿನಂತೆಯೇ ಇದ್ದರೂ ಅದರಲ್ಲಿ ಈ ವಿದ್ಯುತ್ತಿರುವುದಿಲ್ಲ, ಸಂಕೇತವನ್ನು ಸಾಕಷ್ಟು ಹಿಗ್ಗಿಸುವ ವರ್ಧಕವೂ ಇರುವುದಿಲ್ಲ. ಅಲ್ಲಿ ಮೈಕನ್ನು ಸಿಕ್ಕಿಸಿದವನು ಎಷ್ಟು ಕೂಗಿದರೂ ವ್ಯರ್ಥ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸಂಸ್ಥೆಗಳು ಸೇರಿ ಹೊರತಂದ ಪಿಸಿ 99 ಎಂಬ ನಿರ್ದೇಶಿಕೆಯು ಮೈಕಿಗೆ ಗುಲಾಬಿ, ಲೈನ್ ಇನ್ನಿಗೆ ತಿಳಿನೀಲಿ, ಸ್ಪೀಕರಿಗೆ ಎಳೆಹಸಿರು ಎಂದು ಬಣ್ಣಗಳನ್ನು ಗೊತ್ತುಪಡಿಸಿದ್ದು ಈ ಗೊಂದಲದ ನಿವಾರಣೆಗಾಗಿಯೇ. ಡೆಸ್ಕ್‌ಟಾಪು ಮೇಜಿನ ಕೆಳಗೆ ಗೋಡೆಗೆ ಬೆನ್ನುಕೊಟ್ಟು ಕುಳಿತಿರುವಾಗ, ಕತ್ತಲಲ್ಲಿ ಕೈಯಾಡಿಸಿ ಪಿನ್ನು ಸಿಕ್ಕಿಸುವವನಿಗೆ ಆ ಬಣ್ಣಗಳಿಂದ ಏನು ಪ್ರಯೋಜನವೆಂಬುದು ಬೇರೆ ಮಾತು.

ಪಿನ್ನಿನ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಕಣ್ಣಿನಿಂದಲೇ ಪತ್ತೆಹಚ್ಚಬಹುದಾದ ದೋಷವನ್ನು ಜನರು ಅತಿ ಹೆಚ್ಚಾಗಿ ಕಡೆಗಣಿಸುವುದು ಇಲ್ಲಿಯೇ. 3.5 ಮಿಲಿಮೀಟರಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಲೋಹದ ಕಡ್ಡಿಯ ಮೇಲೆ ಕಪ್ಪು ಇಲ್ಲವೆ ಬಿಳಿಯ ಸಣ್ಣ ಉಂಗುರಗೆರೆಗಳು ಕಾಣುತ್ತವೆ. ಎರಡು ಗೆರೆಗಳಿದ್ದರೆ ಲೋಹವು ಮೂರು ಭಾಗವಾಗಿದೆಯೆಂದೂ ಮೂರು ಗೆರೆಗಳಿದ್ದರೆ ನಾಲ್ಕು ಭಾಗವಾಗಿದೆಯೆಂದೂ ಅರ್ಥ. ಮೊಬೈಲಿಗಾಗಿ ಮಾಡಿದ ಒಂಟಿ ಪಿನ್ನಿನ ಹೆಡ್‌ಸೆಟ್ಟಿನಲ್ಲಿ ನಾಲ್ಕು ಭಾಗಗಳಿದ್ದು, ಎಡಗಿವಿ, ಬಲಗಿವಿ, ಮೈಕು, ಇವು ಮೂರಕ್ಕೂ ಸಾಮಾನ್ಯವಾದ ನೆಲೆತಂತಿ, ಇವೆಲ್ಲ ಅದರಲ್ಲೇ ಅಡಕವಾಗಿರುತ್ತವೆ. ಹಳೆಯ ಡೆಸ್ಕ್‌ಟಾಪಿಗಾಗಿ ಮಾಡಿದ ಹೆಡ್‌ಸೆಟ್ಟಿನಲ್ಲಾದರೋ ಕೇಳುವುದಕ್ಕೊಂದು, ಮಾತಿಗೊಂದು ಎಂದು ಎರಡು ಪಿನ್ನುಗಳಿರುತ್ತವೆ. ಒಂಟಿ ಪಿನ್ನಿನದನ್ನು ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಸಿಕ್ಕಿಸಿದರೆ ಅದರ ಮೈಕಿನ ಭಾಗವು ನೆಲೆತಂತಿಗೆ ತಗುಲಿ ಸುಮ್ಮನಾಗುತ್ತದೆ, ಎಡಗಿವಿಯ ಸ್ಪೀಕರು ಮೈಕಿನ ಜಾಗದಲ್ಲಿ ಬಂದು ನಿಲ್ಲುತ್ತದೆ. ಸುರುಳಿಯೂ ಅಯಸ್ಕಾಂತವೂ ಉಳ್ಳ ಸ್ಪೀಕರು ಹಿಮ್ಮುಖವಾಗಿ ನಡೆದರೆ ತಾನೇ ಒಂದು ಒರಟು ಮೈಕಾಗಬಲ್ಲುದಾದ್ದರಿಂದ, ಇಂಥಲ್ಲಿ ಮೈಕಿನ ಕಡ್ಡಿಗೆ ಕೂಗಿದರೆ ಏನೂ ದಾಖಲಾಗದೆ, ಎಡಗಿವಿಯ ಬಟ್ಟಲನ್ನು ಬಾಯಿಯ ಬಳಿ ಹಿಡಿದು ಮಾತನಾಡಿದರೆ ಕ್ಷೀಣವಾಗಿ ದಾಖಲಾಗುವುದುಂಟು. ಈ ವಿಚಿತ್ರವನ್ನು ಕಂಡವನು ಬೇರೆ ಪರೀಕ್ಷೆಗಳ ಗೊಡವೆಗೆ ಹೋಗಬೇಕಾಗಿಲ್ಲ; ಒಂಟಿ ಪಿನ್ನನ್ನು ಎರಡಾಗಿ ಕವಲೊಡೆಯಿಸುವ ಸ್ಪ್ಲಿಟರನ್ನು ತಂದರೆ ಸಾಕು. ಹಾಗೆಯೇ ಎರಡು ಪಿನ್ನಿನ ಹೆಡ್‌ಸೆಟ್ಟಿನ ಗುಲಾಬಿ ಪಿನ್ನನ್ನು ಲ್ಯಾಪ್‌ಟಾಪಿನ ಒಂಟಿ ತೂತಿಗೆ ಹಾಕಿದರೂ ಮಾತು ಬಾರದು. ಅಲ್ಲಿ ಎರಡನ್ನು ಒಂದಾಗಿಸುವ ಜೋಡಿಕೆ ಬೇಕು. ಅಂಗಡಿಯಲ್ಲಿ ಈ ಎರಡು ಬಗೆಯ ಜೋಡಿಕೆಗಳೂ ಅಕ್ಕಪಕ್ಕದಲ್ಲೇ ತೂಗುಬಿದ್ದಿರುವುದರಿಂದ, ಯಾವುದು ಬೇಕೆಂಬುದನ್ನು ಬಿಡಿಸಿ ಕೇಳತಕ್ಕದ್ದು.

ನಾಲ್ಕು ಭಾಗದ ಪಿನ್ನಿನಲ್ಲೂ ಎರಡು ಸಂಪ್ರದಾಯಗಳಿವೆ. ಸಿಟಿಐಎ ಎಂಬ ಕ್ರಮದಲ್ಲಿ ಮೈಕು ಪಿನ್ನಿನ ಬುಡದಲ್ಲಿಯೂ ನೆಲೆತಂತಿ ಅದರ ಮುಂದಿನ ಉಂಗುರದಲ್ಲಿಯೂ ಇದ್ದರೆ, ಕೆಲವು ಹಳೆಯ ಮೊಬೈಲುಗಳ ಜೊತೆಗೆ ಬರುತ್ತಿದ್ದ ಓಎಂಟಿಪಿ ಎಂಬ ಕ್ರಮದಲ್ಲಿ ಇವು ಅದಲುಬದಲಾಗಿರುತ್ತವೆ. ಒಂದನ್ನು ಇನ್ನೊಂದಕ್ಕೆ ಸೇರಿಸಿದಾಗ ಮೈಕು ಕೆಲಸ ಮಾಡದಿರುವುದಷ್ಟೇ ಅಲ್ಲ, ಕೇಳುವ ಹಾಡೂ ಟೊಳ್ಳಾಗಿ, ಹಾಡುಗಾರನ ಕಂಠ ಮಾಯವಾಗಿ ಬರಿಯ ಪಕ್ಕವಾದ್ಯ ಉಳಿದಂತೆ ಕೇಳಿಸುತ್ತದೆ; ವೈರಿನ ಮೇಲಿನ ಗುಂಡಿಯನ್ನು ಒತ್ತಿ ಹಿಡಿದರೆ ಕಂಠ ಮರಳಿ ಬರುತ್ತದೆ. ಇತ್ತೀಚಿನ ಹೆಡ್‌ಸೆಟ್ಟುಗಳಲ್ಲಿ ಈ ತೊಡಕು ಅಪರೂಪ.

ಇವುಗಳ ಬಳಿಕ ಉಳಿಯುವ ಭೌತಿಕ ಕಾರಣಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ವೈರಿನ ನಡುವಿನ ಪುಟ್ಟ ಪೆಟ್ಟಿಗೆಯಲ್ಲಿರುವ ಮ್ಯೂಟ್ ಗುಂಡಿ ಅಂಗಿಯ ಮಡಿಕೆಗೆ ತಾಗಿ ಜಾರಿರಬಹುದು. ಕೆಲವು ಹೆಡ್‌ಸೆಟ್ಟುಗಳಲ್ಲಿ ಮೈಕಿನ ಕಡ್ಡಿಯನ್ನು ಮೇಲಕ್ಕೆತ್ತಿದೊಡನೆ ಅದು ತಾನಾಗಿ ಮ್ಯೂಟ್ ಆಗುವ ಏರ್ಪಾಡಿರುತ್ತದೆ. ಎಷ್ಟೋ ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿ ಅಡ್ಡಗೆರೆ ಎಳೆದ ಮೈಕಿನ ಚಿತ್ರವುಳ್ಳ ಕೀಲಿಯೊಂದು ಸಣ್ಣ ದೀಪದೊಡನೆ ಇರುತ್ತದೆ. ಪಿನ್ನು ಪೂರ್ತಿ ಒಳಗೆ ಹೋಗದೆ ಕೂದಲೆಳೆಯಷ್ಟು ಹೊರಗುಳಿದರೂ ಮೈಕು ತಪ್ಪಿಹೋಗಬಹುದು. ಪಿನ್ನಿನ ಬುಡದಲ್ಲಿ ವೈರು ಪದೇ ಪದೇ ಮಡಿಚಿ ಒಳಗಿನ ಎಳೆ ತುಂಡಾಗಿದ್ದರೆ, ಬುಡವನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿದಾಗ ಧ್ವನಿ ಬಂದು ಬಂದು ಹೋಗುವುದೇ ಅದರ ಗುರುತು.

ಈಗ ನಿಶ್ಶಬ್ದದ ಬಗೆಗಳಿಗೆ ಬರೋಣ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಾಗಲಿ, ತರಂಗದ ಚಿತ್ರವನ್ನು ತೋರಿಸುವ ಬೇರಾವುದೇ ತಂತ್ರಾಂಶದಲ್ಲಾಗಲಿ ಹತ್ತು ಸೆಕೆಂಡು ಮಾತನಾಡಿ ಮುದ್ರಿಸಿ, ಆ ತುಣುಕನ್ನು ಆದಷ್ಟು ಹಿಗ್ಗಿಸಿ ನೋಡತಕ್ಕದ್ದು. ಎಷ್ಟು ಹಿಗ್ಗಿಸಿದರೂ ರೇಖೆಯು ದಾರ ಎಳೆದಂತೆ ನೇರವಾಗಿಯೇ ಉಳಿದರೆ ಅದು ಶುದ್ಧ ಶೂನ್ಯ: ತಂತ್ರಾಂಶಕ್ಕೆ ಸೊನ್ನೆಗಳ ಹೊರತು ಬೇರೇನೂ ತಲಪುತ್ತಿಲ್ಲ. ನಿಜವಾದ ಯಾವ ವರ್ಧಕವೂ ಇಷ್ಟು ಪರಿಪೂರ್ಣವಾಗಿ ಸುಮ್ಮನಿರಲಾರದಾದ್ದರಿಂದ, ದೋಷವು ಬಹುತೇಕ ಅನುಮತಿಯಲ್ಲೋ ಮ್ಯೂಟಿನಲ್ಲೋ ಆಯ್ಕೆಯಲ್ಲೋ ಇರುವುದೇ ಹೊರತು ವೈರಿನಲ್ಲಲ್ಲ. ಹಿಗ್ಗಿಸಿದಾಗ ರೇಖೆಯು ಸಣ್ಣಗೆ ನಡುಗುತ್ತಿದ್ದು, ಕೇಳಿದರೆ ಸರ್ರೆಂಬ ಮೊರೆತ ಮಾತ್ರ ಇದ್ದರೆ, ವರ್ಧಕವೂ ಪರಿವರ್ತಕವೂ ಜೀವಂತವಾಗಿವೆ, ಮೈಕು ಮಾತ್ರ ಅವುಗಳಿಗೆ ತಲಪಿಲ್ಲ. ಆಗ ಪಿನ್ನು, ವೈರು, ಗುಳಿಗೆ ಇವುಗಳತ್ತ ತಿರುಗಬೇಕು. ಮೊರೆತದ ಬದಲು ಗುಂಯ್ಗುಡುವ ನಾದ ಕೇಳಿಬಂದರೆ ಅದು ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನ ಛಾಯೆ, ನೆಲೆತಂತಿಯ ಸಂಪರ್ಕ ತಪ್ಪಿರುವುದರ ಸೂಚನೆ. ಇನ್ನು, ಮಾತು ಬಂದಿದೆ, ಆದರೆ ದೂರದ ಕೋಣೆಯಿಂದ ಬಂದಂತಿದೆ ಎನ್ನುವುದಾದರೆ ಅದು ನಿಶ್ಶಬ್ದವೇ ಅಲ್ಲ: ಹೆಡ್‌ಸೆಟ್ಟಿನ ಮೈಕಿನ ಬದಲು ಲ್ಯಾಪ್‌ಟಾಪಿನ ಒಡಲಿನಲ್ಲಿರುವ ಮೈಕು ಕೇಳುತ್ತಿದೆ. ಇದನ್ನು ನಿರ್ಧರಿಸಲು ಉಗುರೊಂದೇ ಸಾಕು. ಮುದ್ರಣ ನಡೆಯುತ್ತಿರುವಾಗ ಹೆಡ್‌ಸೆಟ್ಟಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಅನಂತರ ಲ್ಯಾಪ್‌ಟಾಪಿನ ಪರದೆಯ ಮೇಲಂಚನ್ನು ಕೆರೆದು, ಯಾವಾಗ ಮಾಪಕದ ಪಟ್ಟಿ ಚಿಮ್ಮಿತೆಂದು ನೋಡಿದರೆ ಕೇಳುವ ಮೈಕು ಯಾವುದೆಂಬುದು ಆ ಕ್ಷಣವೇ ಬಯಲಾಗುತ್ತದೆ.

ತಪ್ಪು ಮೈಕಿನ ಆಯ್ಕೆ ಇಷ್ಟು ಸಾಮಾನ್ಯವಾಗಲು ಕಾರಣ, ಇಂದಿನ ಗಣಕದೊಳಗೆ ಮೈಕುಗಳ ಸಂಖ್ಯೆ ಬೆಳೆದಿರುವುದು. ಲ್ಯಾಪ್‌ಟಾಪಿನದೊಂದು, ವೆಬ್‌ಕ್ಯಾಮಿನದೊಂದು, ಹೆಡ್‌ಸೆಟ್ಟಿನದೊಂದು, ಇವುಗಳೊಡನೆ ಗಣಕದಲ್ಲಿ ನುಡಿಯುತ್ತಿರುವುದನ್ನೇ ಮರಳಿ ಮುದ್ರಿಸುವ 'ಸ್ಟೀರಿಯೋ ಮಿಕ್ಸ್' ಎಂಬ ಕಾಲ್ಪನಿಕ ಮೈಕೊಂದು. ವಿಂಡೋಸ್ 7ರಿಂದ ಈಚೆಗೆ ಸಾಮಾನ್ಯ ಮುದ್ರಣಕ್ಕೆ ಒಂದು, ಮಾತುಕತೆಯ ತಂತ್ರಾಂಶಗಳಿಗೆ ಇನ್ನೊಂದು ಎಂದು ಎರಡು ಬಗೆಯ ಡಿಫಾಲ್ಟ್ ಮೈಕುಗಳನ್ನು ಗೊತ್ತುಮಾಡುವ ಅವಕಾಶವಿದೆ. ಆದುದರಿಂದ ಕರೆಯಲ್ಲಿ ಸರಿಯಾಗಿ ಕೇಳಿಸುವ ಧ್ವನಿ ಮುದ್ರಣದಲ್ಲಿ ಕಾಣೆಯಾಗುವುದೂ, ಮುದ್ರಣದಲ್ಲಿ ಬರುವುದು ಕರೆಯಲ್ಲಿ ಬಾರದಿರುವುದೂ ಅಸಂಭವವೇನಲ್ಲ. ಸೌಂಡ್ ಎಂಬ ವಿಭಾಗದ ರೆಕಾರ್ಡಿಂಗ್ ಪಟ್ಟಿಯನ್ನು ತೆರೆದರೆ ಪ್ರತಿ ಮೈಕಿನ ಪಕ್ಕದಲ್ಲೂ ಮಾಪಕದ ಪಟ್ಟಿಯಿರುತ್ತದೆ. ಮಾತನಾಡಿದಾಗ ಯಾವುದು ಹಸಿರಾಗಿ ಏರುವುದೋ ಅದೇ ಬದುಕಿರುವ ಮೈಕು. ಹೆಡ್‌ಸೆಟ್ಟು ಆ ಪಟ್ಟಿಯಲ್ಲೇ ಇಲ್ಲದಿದ್ದರೆ, ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ನಿಷ್ಕ್ರಿಯಗೊಂಡ ಸಾಧನಗಳನ್ನೂ ತೋರಿಸುವಂತೆ ಕೇಳಿಕೊಳ್ಳಬಹುದು. ಲಿನಕ್ಸ್ ಬಳಸುವವರು ಆಲ್ಸಾಮಿಕ್ಸರಿನಲ್ಲಿ ಎಫ್4 ಒತ್ತಿ ಕ್ಯಾಪ್ಚರ್ ಪುಟವನ್ನೂ, ಪಲ್ಸ್‌ಆಡಿಯೋದ ನಿಯಂತ್ರಣ ಫಲಕದಲ್ಲಿ ಇನ್‌ಪುಟ್ ಪುಟವನ್ನೂ ನೋಡಿದರೆ ಇದೇ ಫಲ.

ಅನುಮತಿಯ ಪ್ರಶ್ನೆ ಇತ್ತೀಚಿನದು, ಮತ್ತು ಹಳಬರನ್ನು ಹೆಚ್ಚು ಕಾಡುವುದೂ ಇದೇ. ಯಾವ ತಂತ್ರಾಂಶವಾದರೂ ಯಾರ ಅಪ್ಪಣೆಯೂ ಇಲ್ಲದೆ ಮೈಕನ್ನು ತೆರೆಯಬಹುದಾಗಿದ್ದ ಕಾಲ 2018ರ ಸುಮಾರಿಗೆ ಮುಗಿಯಿತೆನ್ನಬಹುದು. ಆ ವರ್ಷ ಆಪಲ್ ಸಂಸ್ಥೆಯ ಮ್ಯಾಕ್ ಓಎಸ್ ಮೊಹಾವೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ಮೈಕಿಗಾಗಿ ಅನುಮತಿ ಬೇಡಬೇಕಾಯಿತು. ವಿಂಡೋಸ್ 10ರಲ್ಲಿಯೂ ಆ ವರ್ಷದಿಂದ ಪ್ರೈವೆಸಿ ವಿಭಾಗದ ಮೈಕಿನ ಸ್ವಿಚ್ಚು ಅಂಗಡಿಯಿಂದ ಇಳಿಸಿಕೊಂಡ ಆಪ್‌ಗಳಿಗೆ ಮಾತ್ರವಲ್ಲದೆ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶಗಳಿಗೂ ಅನ್ವಯಿಸತೊಡಗಿತು. ನಮ್ಮ ಮನೆಯ ಮಾತು ನಮಗರಿಯದಂತೆ ಹೊರಗೆ ಹೋಗಬಾರದೆಂಬ ಉದ್ದೇಶದಿಂದ ಬಂದ ಈ ಕಾವಲು ಒಳ್ಳೆಯದೇ. ಆದರೆ ಕಾವಲುಗಾರನು ಯಜಮಾನನನ್ನೇ ತಡೆದು, ತಡೆದದ್ದನ್ನು ತಿಳಿಸದೆ ಇರುವುದು ವಿನ್ಯಾಸಕಾರರ ಔದಾಸೀನ್ಯವೆಂದೇ ಹೇಳಬೇಕಾಗುತ್ತದೆ. ಬ್ರೌಸರಿನ ಮೂಲಕ ಮಾತನಾಡುವಾಗ ಇನ್ನೂ ಒಂದು ಬಾಗಿಲಿದೆ: ಒಂದೊಂದು ತಾಣಕ್ಕೂ ಪ್ರತ್ಯೇಕ ಅನುಮತಿ ಬೇಕು, ಒಮ್ಮೆ ಅವಸರದಲ್ಲಿ 'ಬ್ಲಾಕ್' ಒತ್ತಿದವನಿಗೆ ಬ್ರೌಸರು ಮತ್ತೆ ಕೇಳದೆ ಸುಮ್ಮನೆ ನಿರಾಕರಿಸುತ್ತದೆ, ವಿಳಾಸಪಟ್ಟಿಯ ಎಡಬದಿಯ ಚಿಹ್ನೆಯನ್ನು ಒತ್ತಿ ಅದನ್ನು ಬದಲಾಯಿಸಬೇಕು. 2017ರಲ್ಲಿ ಗೂಗಲ್ ತನ್ನ ಧ್ವನಿಬರಹದ ಸೌಲಭ್ಯವನ್ನು ಕನ್ನಡಕ್ಕೂ ವಿಸ್ತರಿಸಿದಂದಿನಿಂದ ಗಣಕದ ಮುಂದೆ ಕುಳಿತು ಲೇಖನವನ್ನು ಬಾಯಲ್ಲೇ ಹೇಳಿ ಬರೆಯಿಸುವವರು ಹೆಚ್ಚಿದ್ದಾರೆ. ಗಣಕಕ್ಕೆ ತನ್ನ ಕನ್ನಡ ತಿಳಿಯುತ್ತಿಲ್ಲವೆಂದು ನೊಂದುಕೊಳ್ಳುವವನು ಮೊದಲು ಈ ಚಿಹ್ನೆಯನ್ನು ನೋಡುವುದೊಳಿತು.

ಯುಎಸ್‌ಬಿ ಹೆಡ್‌ಸೆಟ್ಟಿನ ಕಥೆ ಸರಳ. ವರ್ಧಕವೂ ಪರಿವರ್ತಕವೂ ಅದರೊಳಗೇ ಇದ್ದು, ಗಣಕಕ್ಕೆ ಅಂಕಿಗಳು ಮಾತ್ರ ತಲಪುವುದರಿಂದ ಪಿನ್ನಿನ ತಂಟೆಗಳಾವುವೂ ಅಲ್ಲಿಲ್ಲ. ಪಟ್ಟಿಯಲ್ಲಿ ಅದರ ಹೆಸರು ಕಂಡರೆ ವೈರಿನ ಮಟ್ಟಿಗೆ ಅನುಮಾನ ಬಹುಪಾಲು ತೀರಿದಂತೆ. ಬ್ಲೂಟೂತಿನದು ಮಾತ್ರ ಹಾಗಲ್ಲ. ಅದರಲ್ಲಿ ಹಾಡು ಕೇಳಲು ಬಳಕೆಯಾಗುವ ಎ2ಡಿಪಿ ಎಂಬ ಕ್ರಮದಲ್ಲಿ ಧ್ವನಿ ಒಂದೇ ದಿಕ್ಕಿಗೆ ಹರಿಯುತ್ತದೆ, ಮೈಕಿಗೆ ಅಲ್ಲಿ ಸ್ಥಾನವಿಲ್ಲ. ಮಾತಿಗಾಗಿ ಇರುವ ಹ್ಯಾಂಡ್ಸ್‌ಫ್ರೀ ಕ್ರಮದಲ್ಲಿ ಎರಡು ದಿಕ್ಕಿಗೂ ಹರಿಯುತ್ತದಾದರೂ ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಷ್ಟು ಮಾತ್ರ. ಧ್ವನಿಮುದ್ರಿಕೆಯ ಸಿಡಿಯಲ್ಲಿ ಈ ಸಂಖ್ಯೆ 44,100 ಎಂಬುದನ್ನು ನೆನೆದರೆ, ಮೈಕನ್ನು ತೆರೆದ ಕ್ಷಣವೇ ಹಾಡು ಹಳೆಯ ದೂರವಾಣಿಯಲ್ಲಿ ಕೇಳಿದಂತಾಗುವುದೇಕೆಂಬುದು ತಿಳಿಯುತ್ತದೆ. ಅನೇಕರು ಇದನ್ನು ದೋಷವೆಂದು ಬಗೆದು 'ಹ್ಯಾಂಡ್ಸ್‌ಫ್ರೀ' ಎಂಬ ಸಾಧನವನ್ನು ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ, ಹಾಡು ಸರಿಹೋಯಿತೆಂದು ಸಂತೋಷಪಟ್ಟು, ಮರುದಿನ ಮೈಕು ಕಾಣೆಯಾಯಿತೆಂದು ದುಃಖಿಸುತ್ತಾರೆ. ಗಂಭೀರವಾದ ಮುದ್ರಣಕ್ಕೆ ವೈರಿನ ಹೆಡ್‌ಸೆಟ್ಟೇ ಮೇಲೆಂಬುದು ಈ ಲೇಖಕನ ನಿಶ್ಚಿತ ಅಭಿಪ್ರಾಯ.

ಎಲ್ಲವೂ ಸರಿಯಿದ್ದೂ ಧ್ವನಿ ತೀರ ಕ್ಷೀಣವಾಗಿದ್ದರೆ 'ಮೈಕ್ರೊಫೋನ್ ಬೂಸ್ಟ್' ಎಂಬ ಜಾರುಗುಂಡಿಯನ್ನು 10 ಅಥವಾ 20 ಡೆಸಿಬೆಲ್ಲಿಗೆ ಏರಿಸಬಹುದು. 20 ಡೆಸಿಬೆಲ್ ಎಂದರೆ ಸಂಕೇತದ ವೋಲ್ಟೇಜು ಹತ್ತು ಮಡಿಯಾಗುವುದೆಂಬುದು ನೆನಪಿನಲ್ಲಿದ್ದರೆ ಅತಿಯಾಗಿ ಏರಿಸಿ ಮಾತನ್ನು ಒಡೆಯಿಸುವ ಪ್ರಮಾದ ತಪ್ಪುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ತೊಡಕು ಸಂಗೀತದವರದು. ಸಭೆಯ ತಂತ್ರಾಂಶಗಳಲ್ಲಿರುವ ಗದ್ದಲನಿವಾರಕವು ಏಕರೂಪವಾಗಿ ಮುಂದುವರಿಯುವ ನಾದವನ್ನೆಲ್ಲ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುವ ಸ್ವಭಾವದ್ದು. ತಂಬೂರಿಯ ಶ್ರುತಿಯಾದರೋ ಏಕರೂಪವಾಗಿಯೇ ಇರಬೇಕಾದದ್ದು. ಹೊರದೇಶದಲ್ಲಿರುವ ಶಿಷ್ಯರಿಗೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಪಾಠ ಹೇಳುವ ಗುರುಗಳು, ಶ್ರುತಿ ಶಿಷ್ಯರಿಗೆ ತಲಪುತ್ತಿಲ್ಲವೆಂದು ಮೈಕನ್ನು ಶಂಕಿಸುವ ಮೊದಲು ಆ ನಿವಾರಕವನ್ನು ನಿಲ್ಲಿಸಿ ನೋಡಬೇಕು; ಜೂಮಿನಲ್ಲಿ ಇದಕ್ಕೆಂದೇ 'ಒರಿಜಿನಲ್ ಸೌಂಡ್' ಎಂಬ ಆಯ್ಕೆಯಿದೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯೆಂಬ ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಬಾನುಲಿಯು ಸಂಸ್ಥೆಯಾಗಿ ಬೆಳೆದಂತೆ ಮಾತನಾಡುವವನು ಬೇರೆ, ಗಾಜಿನಾಚೆ ಕುಳಿತು ಮಾಪಕದ ಮುಳ್ಳನ್ನು ನೋಡುತ್ತಿರುವ ತಂತ್ರಜ್ಞನು ಬೇರೆ ಎಂಬ ಕಾರ್ಯವಿಭಾಗ ನೆಲೆಗೊಂಡಿತು. ಹೆಡ್‌ಸೆಟ್ಟು ಈ ಇಬ್ಬರನ್ನೂ ಒಬ್ಬನೇ ವ್ಯಕ್ತಿಯಲ್ಲಿ ಸೇರಿಸಿದೆ. ಪಾಠ ಹೇಳುವ ಅಧ್ಯಾಪಕನೇ ಮುಳ್ಳನ್ನೂ ನೋಡಿಕೊಳ್ಳಬೇಕು. ಆದುದರಿಂದ ಪರೀಕ್ಷೆಯ ಕ್ರಮ ಸುಲಭವಾಗಿರುವುದು ಮುಖ್ಯ, ಮತ್ತು ಎಲ್ಲಕ್ಕಿಂತ ಸುಲಭವಾದದ್ದು ಅದಲುಬದಲು: ಅದೇ ಹೆಡ್‌ಸೆಟ್ಟನ್ನು ಅದಕ್ಕೆ ಹೊಂದುವ ಮತ್ತೊಂದು ಗಣಕಕ್ಕೋ ಮೊಬೈಲಿಗೋ ಸೇರಿಸುವುದು, ಅದೇ ಗಣಕಕ್ಕೆ ಬೇರೊಂದು ಹೆಡ್‌ಸೆಟ್ಟನ್ನು ಸೇರಿಸುವುದು. ದೋಷವು ಹೆಡ್‌ಸೆಟ್ಟಿನ ಜೊತೆ ಹೋದರೆ ಅದು ಹೆಡ್‌ಸೆಟ್ಟಿನದು, ಗಣಕದಲ್ಲೇ ಉಳಿದರೆ ಗಣಕದ್ದು. ಡ್ರೈವರನ್ನು ಕಿತ್ತು ಮತ್ತೆ ಸ್ಥಾಪಿಸುವ ಕೆಲಸಕ್ಕೆ ಕೈಹಾಕುವುದು ಇದಾದ ಮೇಲೆಯೇ ಹೊರತು ಮೊದಲಲ್ಲ; ಅದಕ್ಕೂ ಮುಂಚೆ ಮೈಕನ್ನು ಹಿಡಿದಿಟ್ಟುಕೊಂಡಿರಬಹುದಾದ ಇತರ ತಂತ್ರಾಂಶಗಳನ್ನು ಮುಚ್ಚಿ ಗಣಕವನ್ನೊಮ್ಮೆ ರೀಸ್ಟಾರ್ಟ್ ಮಾಡತಕ್ಕದ್ದು.

ದೋಷ ನಿಜವಾಗಿಯೂ ಗುಳಿಗೆಯದೇ ಎಂದು ಸ್ಥಿರಪಟ್ಟರೆ, ತಿರುಪು ಬಿಚ್ಚಿ ತೆರೆಯಬಹುದಾದ ವೈರಿನ ಹೆಡ್‌ಸೆಟ್ಟುಗಳಲ್ಲಿ ಅದನ್ನು ಬದಲಾಯಿಸುವುದು ಕಷ್ಟವೇನಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಪೇಟೆಗಳಲ್ಲಿ ಎಲೆಕ್ಟ್ರೆಟ್ ಗುಳಿಗೆಗಳು ಬಿಡಿಯಾಗಿ, ಅಲ್ಪ ಬೆಲೆಗೆ ದೊರೆಯುತ್ತವೆ. ಬೆಸುಗೆ ಹಾಕುವಾಗ ಗಮನಿಸಬೇಕಾದುದು ಒಂದೇ: ಗುಳಿಗೆಯ ಹಿಂಬದಿಯ ಎರಡು ತುದಿಗಳಲ್ಲಿ ಲೋಹದ ಹೊರಕವಚಕ್ಕೆ ಕೂಡಿಕೊಂಡಿರುವುದು ನೆಲೆತಂತಿಯದು, ಇನ್ನೊಂದು ಸಂಕೇತದ್ದು.